ಕರುಳಿನ ಅಲೆ, ಬಿ.ಪಿ. ಗುಳಿಗೆ

ಮಸರಕಲ್‌ನ ಹುಡುಗಿ ಪರೀಕ್ಷೆ ಪಾಸಾದದ್ದು ಯಾರ ಕರುಳಿನಿಂದ, ಹೇಳ್ರಿ ನೋಡೋಣ. ಆಡಿನದು ಅಂದಿರಾ? ತಪ್ಪು. ರಾಯಚೂರಿನ ಔಷಧ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ದಣಿದವನು ನಾನು. ಇಂಥವು ಆಗುತ್ತಲೇ ಇದ್ದವು. ನಗಲು ಮಾತ್ರ ನಿವೃತ್ತಿಯಾದ ಮೇಲೆ ಪುರಸೊತ್ತು ಸಿಕ್ಕಿತು.

ಹುಡುಗಿ ಹಿಂದಿನ ವರ್ಷ ಪ್ರಾಯೋಗಿಕದಲ್ಲಿ ನಪಾಸು. ಇದೇ ಕಡೇ ಅವಕಾಶ. ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್ ಹಾಕಿದರೆ ಕರುಳಿನ ಸ್ನಾಯುವಿನ ವಿದ್ಯುತ್ ಅಲೆ ಏನಾಗುತ್ತದೆ ಎಂದು ಪರದೆಯ ಮೇಲೆ ತೋರಿಸಬೇಕು.

ಒಂದು: ಅರಿಶಿನ

ತಾಲೀಮಿಗೆಂದು ಮಟನ್ ಅಂಗಡಿಯವನಿಗೆ ಆಡಿನ ತಾಜಾ ಕರುಳು ಹೇಳಿದೆ. ಮಾಸ್ತರರೆಂದರೆ ಅವನಿಗೆ ಭಾಳ ಮರ್ಯಾದೆ. ಕುದಿಯುವ ನೀರಲ್ಲಿ ತೊಳೆದು, ಅರಿಶಿನ ಹಚ್ಚಿ ಕೊಟ್ಟ! ಜೀವ ಹಿಡಿದಿರಬೇಕಾದ ಕರುಳು ಹಗ್ಗದಂತೆ ಬಿದ್ದುಕೊಂಡಿತು. ಮರುದಿನ ಸಪ್ಪೆ ಮುಖ ಹೊತ್ತು ಹೋದರೆ ಅವನೇ ಕೇಳಿದ:

"ಯಾಕ್ರೀ ಮಾಸ್ತರ್ರ, ಬೇಯಲಿಲ್ಲೇನು?"

ಎರಡು: ಚಂದದ ಅಲೆ

ಮುಂದಿನ ಸಲ ಪರದೆಯ ತುಂಬಾ ಅಲೆ. ಹುಡುಗಿ ಔಷಧ ಹಾಕಿದಳು, ಅಲೆ ಕದಲಲಿಲ್ಲ. ಇನ್ನಷ್ಟು ಹಾಕಿದಳು, ಊಹೂಂ. ಒಂದು ತಾಸು ಬೆವರು ಸುರಿಸಿದ ಮೇಲೆ ಅಟೆಂಡರ್ ಬಗ್ಗಿ ನೋಡಿದ.

"ಸರ, ತಂತಿ ಕರುಳಿಗಿ ಹತ್ತೇ ಇಲ್ಲ." ಹೋಗಿ ಫ್ಯಾನ್ ಆರಿಸಿದ. ಅಲೆ ಮಲಗಿತು. "ಇಷ್ಟೊತ್ತು ಫ್ಯಾನಿಗಿ ಬಿ.ಪಿ. ಗುಳಿಗಿ ಕೊಡಾಕತ್ತಿದ್ರಿ."

ಮೂರು: ಪರೀಕ್ಷೆ

ಪರೀಕ್ಷಕರು ಮಾನವಿಯ ಆಚಾರ್ಯ ಮನೆತನದ ಹಿರಿಯರು. ಚಹಾ ಬೇಡ ಅಂದರು, ಉಪ್ಪಿಟ್ಟು ಬೇಡ ಅಂದರು. ತಮ್ಮ ಬಿ.ಪಿ. ಗುಳಿಗೆಯನ್ನಷ್ಟೇ ಒಂದು ಚಮಚ ನೀರಲ್ಲಿ ನುಂಗಿದರು. ಅದೂ ಬೀಟಾ ಬ್ಲಾಕರೇ. ಗುಳಿಗೆಯ ಪಟ್ಟಿಯ ಮೇಲಿನ ಹೆಸರನ್ನು ಹುಡುಗಿ ಓರೆಗಣ್ಣಲ್ಲಿ ಓದಿಕೊಂಡಳು.

ಕರುಳು ಸಿದ್ಧ, ತಂತಿ ಸಿದ್ಧ. ಔಷಧ ಹಾಕಬೇಕು, ಕರೆಂಟ್ ಹೋಯಿತು. ಪರದೆ ಕತ್ತಲು, ಫ್ಯಾನ್ ಮೌನ. ಹುಡುಗಿಯ ಕಣ್ಣಲ್ಲಿ ನೀರು.

ಪರೀಕ್ಷಕರೇ ಅಂದರು: "ಬಾಯಿಲೇ ಹೇಳವ್ವಾ. ಬೀಟಾ ಬ್ಲಾಕರ್ ಬಿದ್ದರ ಕರುಳು ಸುಮ್ಮನಾಗ್ತದೇನು?"

ಆ ಮೌನದಲ್ಲಿ ಪರೀಕ್ಷಕರ ಹೊಟ್ಟೆ ಗುರ್ರ್... ಗುಡುಗುಡು ಎಂದಿತು.

"ಇಲ್ರೀ ಸರ, ಸುಮ್ಮನಾಗಂಗಿಲ್ಲ," ಅಂದಳು ಹುಡುಗಿ.

"ಪರದೆ ಬಂದ್ ಅದ. ಹೆಂಗ ಹೇಳ್ತಿ?"

"ಕೇಳಸ್ತಲ್ರೀ..."

ಅವರು ತಮ್ಮ ಹೊಟ್ಟೆ ನೋಡಿಕೊಂಡರು. ನಾನು ನಿಂತ ಫ್ಯಾನ್ ನೋಡಿದೆ.

"ಕಾರಣ?"

"ಅಡ್ರಿನಲಿನ್ ಕರುಳನ್ನ ತಡೀತದ್ರೀ. ಆ ತಡೆಯೋದನ್ನ ಬೀಟಾ ಬ್ಲಾಕರ್ ತಡೀತದ."

ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಪಾಸು, ಹೋಗವ್ವಾ. ಆದರ ವರದಿಯಾಗ 'ಆಡಿನ ಕರುಳು' ಅಂತಲೇ ಬರಿ."

ನಮ್ಮ ಉಪ್ಪಿಟ್ಟಿಗೆ ಏನು ದೋಷ ಎಂದು ನಾನು ಕೊರಗುತ್ತಲೇ ಇದ್ದೆ. ಸಂಜೆ ಗೋಡೆಯ ಕ್ಯಾಲೆಂಡರ್ ನೋಡಿದಾಗ ತಿಳಿಯಿತು: ಅವತ್ತು ಆಷಾಢದ ಪ್ರಥಮ ಏಕಾದಶಿ.