ಅಂಗಾಲು ನೋಡುವ ಅತ್ತೆ

ನಮ್ಮತ್ತೆ ಯಾರ ಮುಖವನ್ನೂ ನೋಡುವುದಿಲ್ಲ. ಜಗಳ, ಮುನಿಸು ಅಂತೆಲ್ಲ ಊಹಿಸಿಕೊಳ್ಳಬೇಡಿ, ಅಂಥ ಭಾಗ್ಯ ನನಗಿಲ್ಲ! ಅವರ ಕಣ್ಣು ನೇರವಾಗಿ ಹೋಗುವುದು ಎದುರಿಗಿರುವವರ ಕಾಲಿಗೆ. ಅದರಲ್ಲೂ ಅಂಗಾಲಿಗೆ. ನಿಂತ ಮನುಷ್ಯನ ಅಂಗಾಲು ಕಾಣುವುದಿಲ್ಲವಲ್ಲ ಎನ್ನುತ್ತೀರಾ? ಕಾಣುವುದಿಲ್ಲ, ಅದಕ್ಕೇ ಅವರು ಎತ್ತಿ ತೋರಿಸಿ ಎಂದು ಕೇಳುತ್ತಾರೆ. ಕೂತಾಗ ಯಾರ ಕಡೆಗಾದರೂ ಅಂಗಾಲು ತಿರುಗಿದರೆ ತಟ್ಟನೆ ಮಡಚಿಕೊಳ್ಳುವ ಜನ ನಾವು. ಅಂಥವರ ನಡುವೆ, ವಿಜಯನಗರದ ಗೌರವಸ್ಥ ಮನೆಯ ಹಿರಿಯ ಹೆಂಗಸೊಬ್ಬರು ಸಿಕ್ಕಸಿಕ್ಕವರನ್ನು "ಸ್ವಲ್ಪ ಅಂಗಾಲು ತೋರಿಸ್ತೀರಾ?" ಎಂದು ಕೇಳಿಕೊಂಡು ಓಡಾಡಿದರೆ, ಪಕ್ಕದಲ್ಲಿರುವ ಸೊಸೆ ತನ್ನ ಮುಖವನ್ನು ಎಲ್ಲಿಟ್ಟುಕೊಳ್ಳಬೇಕು, ನೀವೇ ಹೇಳಿ.

ಹುಚ್ಚು ಎಂದುಕೊಂಡಿರಾ? ಹುಚ್ಚಾಗಿದ್ದರೆ ಔಷಧಿ ಕೊಡಿಸಬಹುದಿತ್ತು. ಇದು ಪಿಎಚ್‌ಡಿ.

ನಮ್ಮತ್ತೆ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವರು. ನಿವೃತ್ತಿಯಾದ ಮೇಲೆ ಭಜನಾ ಮಂಡಳಿ ಸೇರುತ್ತಾರೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅವರು ಸೇರಿದ್ದು ಕೆಂಗೇರಿ ದಾಟಿದರೆ ಸಿಗುವ ಒಂದು ವಿಶ್ವವಿದ್ಯಾಲಯವನ್ನು. ವಿಷಯ, ಡಿಜಿಟಲ್ ಕಲೆ. ಸುಮ್ಮನೆ ಗೋಡೆಯ ಮೇಲೆ ತೂಗುಹಾಕುವ ಕಲೆಯಲ್ಲ, ಜನ ಮುಟ್ಟಿದರೆ, ತುಳಿದರೆ, ಹತ್ತಿರ ಬಂದರೆ ತಾನೂ ಮಿಸುಕಾಡುವ ಕಲೆ. ಅದರಲ್ಲೂ 'ಪ್ರಾಕ್ಟೀಸ್ ಬೇಸ್ಡ್' ಸಂಶೋಧನೆಯಂತೆ. ಅಂದರೆ ಹತ್ತು ಪುಸ್ತಕ ಓದಿ ಹನ್ನೊಂದನೆಯದನ್ನು ಬರೆದರೆ ಸಾಲದು. ಕೈಯಾರೆ ಒಂದು ಕೃತಿ ಮಾಡಬೇಕು, ಮಾಡುತ್ತ ಮಾಡುತ್ತ ಏನು ತಿಳಿಯಿತೋ ಅದೇ ಸಂಶೋಧನೆ. ಕೊನೆಗೆ ಅದನ್ನು ಜನರ ನಡುವೆ ಇಡಬೇಕು. ಜನ ಅದರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದನ್ನು ಪರೀಕ್ಷಕರು ಕಣ್ಣಾರೆ ನೋಡಬೇಕು.

ಇಷ್ಟನ್ನು ನಾನು ನೆಂಟರಿಗೆಲ್ಲ ವಿವರಿಸಬೇಕು! ನಂದಿನಿ ಲೇಔಟಿನ ನಮ್ಮ ಚಿಕ್ಕಮಾವ ಕಾಫಿ ಹೀರುತ್ತ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೆ, "ಪ್ರಾಕ್ಟೀಸ್ ಎಲ್ಲಾ ಸರಿ ಕಣಮ್ಮಾ, ಮ್ಯಾಚ್ ಯಾವಾಗ?" ಎಂದರು. ಅವರಿಗೆ ಉತ್ತರ ಹೇಳಬೇಕಾದ ನಮ್ಮೆಜಮಾನರು ಆ ಹೊತ್ತಿಗೆ ಬಚ್ಚಲುಮನೆ ಸೇರಿದ್ದರು. ತಾಯಿಯ ವಿದ್ಯಾಭ್ಯಾಸದ ಮಾತು ಬಂದಾಗಲೆಲ್ಲ ಅವರಿಗೆ ಬಚ್ಚಲುಮನೆಯ ನೆನಪಾಗುತ್ತದೆ.

ಅಂಗಾಲು ಯಾತಕ್ಕೆ ಎಂದು ಕೇಳಿದರೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ. "ಆಗ್ಲಿ ತಡಿಯೇ, ಇನ್ನೂ ನಂಗೇ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ರೆ ಅದನ್ನ ರಿಸರ್ಚ್ ಅಂತ ಯಾಕೆ ಕರೀತಿದ್ರು?" ಎನ್ನುತ್ತಿದ್ದರು.

ನನ್ನ ಚಿಕ್ಕಪ್ಪನ ಮಗಳ ಮದುವೆ ರಾಜಾಜಿನಗರದ ಒಂದು ಛತ್ರದಲ್ಲಿ ನಡೆಯಿತು. ಗಮನಿಸಿ, ನನ್ನ ತವರಿನ ಕಡೆಯ ಮದುವೆ! ಧಾರೆಗೆ ಮುಂಚೆ ವರನ ಪಾದ ತೊಳೆಯುವ ಶಾಸ್ತ್ರ. ಹೊಸ ಪಂಚೆ ಉಟ್ಟ ಚಿಕ್ಕಪ್ಪ ತಟ್ಟೆ ಹಿಡಿದು ಕೂತಿದ್ದರು, ಚಿಕ್ಕಮ್ಮ ಚೊಂಬಿನಿಂದ ನೀರು ಬಿಡುತ್ತಿದ್ದರು. ಅಷ್ಟರಲ್ಲಿ ಫೋಟೋಗ್ರಾಫರುಗಳ ಕಾಲ ಸಂದಿಯಿಂದ ಮೊಬೈಲ್ ಹಿಡಿದ ಒಂದು ಕೈ ಹೊರಬಂತು. ಬಳೆ ನೋಡಿದ ಕೂಡಲೇ ಅದು ನಮ್ಮತ್ತೆಯದೆಂದು ಗೊತ್ತಾಯಿತು.

"ಸ್ವಲ್ಪ ಹಿಮ್ಮಡಿ ಎತ್ತಪ್ಪಾ ರಾಜಾ. ಹಾಂ, ಹಾಗೇ. ಇನ್ನೂ ಸ್ವಲ್ಪ."

ಮದುಮಗ ಪಾಪದವನು. ಇದೂ ಶಾಸ್ತ್ರದಲ್ಲಿ ಸೇರಿದ್ದಿರಬೇಕು ಎಂದುಕೊಂಡು ಭಕ್ತಿಯಿಂದ ಕಾಲನ್ನು ಮೇಲೆತ್ತಿದ. ಕುರ್ಚಿ ಹಿಂದಕ್ಕೆ ವಾಲಿತು, ತಟ್ಟೆ ಮಗುಚಿತು, ಪಾದ ತೊಳೆದ ನೀರಷ್ಟೂ ಚಿಕ್ಕಪ್ಪನ ಹೊಸ ಪಂಚೆಯ ಪಾಲಾಯಿತು. ಪುರೋಹಿತರು ಮಂತ್ರ ನಿಲ್ಲಿಸಿದರು. ಭೂಮಿ ಬಾಯಿ ಬಿಡಬಾರದೇ ಎಂದು ನಾನು ಕಂಬದ ಹಿಂದೆ ನಿಂತು ಬೇಡಿಕೊಂಡೆ. ಭೂಮಿ ಬಾಯಿ ಬಿಡಲಿಲ್ಲ, ಬಿಟ್ಟವರು ಗಂಡಿನ ತಾಯಿ. "ಪುರೋಹಿತರೇ, ನಮ್ಮ ದೊಡ್ಡ ಮಗನ ಮದುವೇಲಿ ಈ ಶಾಸ್ತ್ರ ಯಾಕೆ ಮಾಡಿಸ್ಲಿಲ್ಲ?"

ಇದಾದ ಮೇಲೆ ಅತ್ತೆಗೆ ಮದುವೆಮನೆ ಸಾಲದಾಯಿತು. ಊರಿನ ಜನ ಬರಿಗಾಲಿನಲ್ಲಿ ಸಿಗುವ ಜಾಗ ಯಾವುದು? ದೇವಸ್ಥಾನ! ಶನಿವಾರ ಬೆಳಿಗ್ಗೆ ಬಸವೇಶ್ವರನಗರದ ಒಂದು ದೇವಸ್ಥಾನದ ಮುಂದೆ, ಚಪ್ಪಲಿ ಬಿಡುವ ಕಡೆ, ಒಂದು ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಬಂದವರು ಸಹಜವಾಗಿಯೇ ಚಪ್ಪಲಿಯನ್ನು ಅವರ ಮುಂದಿಟ್ಟು, "ನೋಡ್ಕೊಳ್ಳಿ ಅಮ್ಮಾ" ಎಂದು ಒಳಗೆ ಹೋಗುತ್ತಿದ್ದರು. ಅತ್ತೆ ಸಂತೋಷದಿಂದ ನೋಡಿಕೊಳ್ಳುತ್ತಿದ್ದರು. ವಾಪಸು ಬಂದಾಗ ಅಂಗಾಲು ತೋರಿಸಿದರೆ ಮಾತ್ರ ಚಪ್ಪಲಿ!

ನಾನು ಬಸವೇಶ್ವರನಗರದಲ್ಲೇ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸೋಮವಾರ ಸ್ಟಾಫ್ ರೂಮಿನಲ್ಲಿ ನಮ್ಮ ಹೆಡ್‌ಮಿಸ್ ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಮೆಲುದನಿಯಲ್ಲಿ ಕೇಳಿದರು. "ನಿಮ್ಮತ್ತೇನ ದೇವಸ್ಥಾನದ ಹತ್ರ ನೋಡ್ದೆ. ಮನೇಲಿ ಏನಾದ್ರೂ ತೊಂದರೆನಾ? ಈ ವಯಸ್ಸಲ್ಲಿ ಪಾಪ ಅವರನ್ನ ಕೆಲಸಕ್ಕೆ ಕಳಿಸೋ ಹಾಗಾಯ್ತಾ?" ಪಿಎಚ್‌ಡಿ ಎಂದೆ. ಅವರು ನನ್ನ ಬೆನ್ನು ಸವರಿ, "ನಾಚ್ಕೋಬೇಡಿ, ಕಷ್ಟ ಎಲ್ಲಾರಿಗೂ ಬರುತ್ತೆ" ಎಂದರು. ಅಂದಿನಿಂದ ತಿಂಗಳುಗಟ್ಟಲೆ ನಾನು ಸ್ಟಾಫ್ ರೂಮಿಗೆ ತಲೆ ತಗ್ಗಿಸಿಕೊಂಡೇ ಹೋಗಿ ಬಂದೆ.

ಮನೆಯಲ್ಲಾದರೂ ನೆಮ್ಮದಿಯೇ? ಊಟದ ಮೇಜಿನ ಗಾಜು ಒಂದು ದಿನ ಮಾಯವಾಯಿತು. ಹುಡುಕಿದರೆ ಅದು ಅತ್ತೆಯ ಕೋಣೆಯಲ್ಲಿ, ಇಟ್ಟಿಗೆಗಳ ಮೇಲೆ ಪವಡಿಸಿತ್ತು. ಕೆಳಗೆ ಕ್ಯಾಮೆರಾ, ಪಕ್ಕದಲ್ಲಿ ಲ್ಯಾಪ್‌ಟಾಪು, ಸುತ್ತ ಸೇವಿಗೆಯಂತೆ ಹರಡಿದ ವೈರುಗಳು. ಮನೆಗೆ ಬಂದವರೆಲ್ಲ ಅದರ ಮೇಲೆ ನಿಲ್ಲಬೇಕು. ಊಟ ತಂದುಕೊಟ್ಟ ಗದಗಿನ ಕಡೆಯ ಹುಡುಗನನ್ನೂ ಬಿಡಲಿಲ್ಲ. "ಯವ್ವಾ, ಕಾಲು ಹೊಲಸ ಆಗ್ಯಾವ್ರಿ, ಗಾಜಿನ ಮ್ಯಾಲ ಹೆಂಗ ನಿಂದ್ರಲ್ರೀ?" ಎಂದು ಅವನು ಗೋಗರೆದ. ಇವರು ಕೇಳಲಿಲ್ಲ. ಅವನು ನಿಂತ, ಇವರು ನೋಡಿದರು, ಆಮೇಲೆ ಅವನಿಗೆ ಕಾಫಿ ಕೊಟ್ಟು ಕಳಿಸಿದರು. ನಾವು ಮೂವರೂ ನೆಲದ ಮೇಲೆ ಕೂತು ತಣ್ಣಗಾದ ಪಲಾವ್ ತಿಂದೆವು.

ಅತ್ತೆಗೆ ಸಿಗದೆ ಉಳಿದದ್ದು ಒಂದೇ ಜೋಡಿ ಅಂಗಾಲು. ನನ್ನದು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನನ್ನ ಹಿಮ್ಮಡಿಗಳು ಒಡೆದು ಹಾಳಾಗಿವೆ. ಚಳಿಗಾಲದಲ್ಲಿ ರಕ್ತ ಬರುತ್ತದೆ. ಹಚ್ಚದ ಮುಲಾಮಿಲ್ಲ, ಕಟ್ಟದ ಪಟ್ಟಿಯಿಲ್ಲ. ಹೊಸದಾಗಿ ಮದುವೆಯಾದಾಗ ನೆಂಟರ ಹೆಂಗಸೊಬ್ಬರು ನನ್ನ ಕಾಲುಂಗುರ ನೋಡಲು ಬಗ್ಗಿ, ಹಿಮ್ಮಡಿ ಕಂಡು, "ಅಯ್ಯೋ, ಹೊಲದಲ್ಲಿ ಕೆಲಸ ಮಾಡ್ತಿದ್ಲಾ?" ಎಂದಿದ್ದರು. ಅವತ್ತಿನಿಂದ ನನ್ನ ಸೀರೆ ನೆಲ ಗುಡಿಸುತ್ತದೆ. ಯಾರದಾದರೂ ಮನೆಗೆ ಹೋಗಿ ಚಪ್ಪಲಿ ಬಿಡಬೇಕಾದಾಗ, ಎಲ್ಲರೂ ಒಳಗೆ ಹೋಗಲಿ ಎಂದು ಕಾದು ಕೊನೆಯಲ್ಲಿ ನುಸುಳುತ್ತೇನೆ.

"ಒಂದ್ಸಲ ನಿಂತ್ಕೊಳ್ಳೇ," ಎಂದು ಅತ್ತೆ ದಿನಾ ಕೇಳುತ್ತಿದ್ದರು.

"ಕಿಡ್ನಿ ಬೇಕಾದ್ರೆ ಕೇಳಿ ಅತ್ತೆ, ಕೊಡ್ತೀನಿ. ಕಾಲು ಮಾತ್ರ ಕೇಳ್ಬೇಡಿ."

"ಕಿಡ್ನಿ ತಗೊಂಡು ನಾನೇನು ಮಾಡ್ಲಿ? ಅದ್ರಲ್ಲಿ ಗೆರೆ ಇರಲ್ಲ."

ಅಂತೂ ಪ್ರದರ್ಶನದ ದಿನ ಬಂತು. ಯಾವುದಾದರೂ ದೂರದ ಗ್ಯಾಲರಿಯಲ್ಲಿ ಇಡಿ, ನಮ್ಮ ಪರಿಚಯದವರು ಯಾರೂ ಸುಳಿಯದ ಕಡೆ ಇಡಿ ಎಂದು ನಾನು ಕೈಮುಗಿದಿದ್ದೆ. "ಗ್ಯಾಲರಿಗೆ ಎಲ್ಲಾರೂ ಶೂಸ್ ಹಾಕ್ಕೊಂಡು ಬರ್ತಾರೆ ಕಣೇ" ಎಂದು ಹೇಳಿ ಅವರು ಹಿಡಿದದ್ದು ನಮ್ಮ ಬೀದಿಯ ಕೊನೆಯ ಸಮುದಾಯ ಭವನವನ್ನು! ಕರೆದದ್ದು ಇಡೀ ಬಡಾವಣೆಯನ್ನು, ಹಳೆಯ ವಿದ್ಯಾರ್ಥಿಗಳನ್ನು, ನೆಂಟರನ್ನು, ಚಪ್ಪಲಿ ಕಾದ ಪರಿಚಯದ ಮೇಲೆ ನಮ್ಮ ಹೆಡ್‌ಮಿಸ್‌ರನ್ನೂ. ಪರೀಕ್ಷಕರು ಇಬ್ಬರು, ಒಬ್ಬರು ಸಣ್ಣ ವಯಸ್ಸಿನ ಹೆಂಗಸು, ಇನ್ನೊಬ್ಬರು ನರೆತ ಕೂದಲನ್ನು ಜುಟ್ಟು ಕಟ್ಟಿದ ಮೈಸೂರಿನವರು. ಅತ್ತೆಯ ಗೈಡು ನನಗಿಂತ ಚಿಕ್ಕವಳು, ಅವಳು ಅತ್ತೆಯನ್ನು 'ಅಮ್ಮಾ' ಎಂದೇ ಕರೆಯುವುದು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಮಬ್ಬು ಬೆಳಕು. ನಡುವೆ ಸ್ವಲ್ಪ ಎತ್ತರಿಸಿದ ಗಾಜಿನ ನೆಲ. ಅದರ ಮೇಲೆ ಮೇಲಿನಿಂದ ಬೀಳುವ ಬೆಳಕಿನಲ್ಲೇ ಬಿಡಿಸಿದ ಚುಕ್ಕಿ ರಂಗೋಲಿ, ಈಗ ತಾನೇ ಕೈಯಿಂದ ಇಟ್ಟಂತೆ ಬೆಳ್ಳಗೆ. ಎದುರಿಗೆ ದೊಡ್ಡ ಬಿಳಿ ಗೋಡೆ. ಗಾಜಿನ ಮೇಲೆ ಯಾರಾದರೂ ಕಾಲಿಟ್ಟರೆ ಕೃತಿ ಶುರುವಾಗುತ್ತದೆ ಎಂದು ಗೈಡು ನನ್ನ ಕಿವಿಯಲ್ಲಿ ಹೇಳಿದಳು.

ಯಾರೂ ಇಡಲಿಲ್ಲ.

ಇಡುತ್ತಾರೆಯೇ? ರಂಗೋಲಿ ಕಂಡರೆ ಬೀದಿಯಲ್ಲೇ ಸ್ಕೂಟರ್ ಪಕ್ಕಕ್ಕೆ ತಿರುಗಿಸುವ ಜನ! ಎಲ್ಲರೂ ಬಂದರು, "ಎಷ್ಟು ಚೆನ್ನಾಗಿದೆ!" ಎಂದರು, ಸೀರೆಯ ಅಂಚು ತಾಗದಂತೆ ಎತ್ತಿ ಹಿಡಿದು ಸುತ್ತು ಬಳಸಿ ಆಚೆ ಹೋದರು. ಪಕ್ಕದ ಮನೆಯ ಆಂಟಿ ಎರಡು ಸೇವಂತಿಗೆ ಇಟ್ಟು ಕಣ್ಣಿಗೊತ್ತಿಕೊಂಡರು. ಅದನ್ನು ನೋಡಿ ಹಿಂದಿನವರು ಪ್ರದಕ್ಷಿಣೆ ಆರಂಭಿಸಿದರು!

ಅತ್ತೆ ಕೊನೆಗೆ ಬಾಯಿ ಬಿಟ್ಟು ಬೇಡಿಕೊಂಡರು. "ತುಳೀರಿ, ಪರವಾಗಿಲ್ಲ, ತುಳೀಲಿ ಅಂತಾನೇ ಹಾಕಿರೋದು."

"ಛೆ ಛೆ, ಬಿಡ್ತು ಅನ್ನಿ ಮೇಡಂ!"

ಮಗನ ಕಡೆ ತಿರುಗಿದರು. "ನೀನಾದ್ರೂ ಬಾರೋ."

"ರಂಗೋಲಿ ತುಳೀಬಾರ್ದು ಅಂತ ನೀನೇ ಅಲ್ವಾಮ್ಮಾ ಕಾಲಿಗೆ ಬಾರಿಸಿ ಹೇಳಿಕೊಟ್ಟಿದ್ದು?" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಸಮುದಾಯ ಭವನದ ಬಚ್ಚಲುಮನೆ ಎಲ್ಲಿದೆಯೋ ಪತ್ತೆ ಹಚ್ಚುತ್ತಿದ್ದರು.

ಪರೀಕ್ಷಕರು ಗಡಿಯಾರ ನೋಡಿದರು. ಮಾಡಿದವರೇ ತುಳಿದು ತೋರಿಸಿದರೆ ಲೆಕ್ಕಕ್ಕಿಲ್ಲ, ಜನರೇ ಬರಬೇಕು, ಇಲ್ಲದಿದ್ದರೆ ನಾವು ನೋಡುವುದೇನನ್ನು ಎಂದು ಜುಟ್ಟಿನವರು ಗೈಡಿಗೆ ಹೇಳುವುದು ಕೇಳಿಸಿತು. ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು. ಊರಿನವರ ಕಾಲನ್ನೆಲ್ಲ ನಿರ್ಭಿಡೆಯಿಂದ ನೋಡಿದ ಹೆಂಗಸು ಈಗ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು. ಇಷ್ಟು ವರ್ಷ ಅವರಿಂದ ನನಗೆ ನಾಚಿಕೆಯಾಗಿತ್ತು, ಅವರಿಗೆ ನಾಚಿಕೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಹಿಸಲಾಗಲಿಲ್ಲ.

ಸೀರೆ ಎತ್ತಿ ಹಿಡಿದು ಗಾಜಿನ ಮೇಲೆ ಕಾಲಿಟ್ಟೆ.

ಹಿಂದೆ ಯಾರೋ "ಅಯ್ಯೋ" ಎಂದರು. ಎದುರಿನ ಗೋಡೆಯ ಮೇಲೆ ಬಾಗಿಲಿನಷ್ಟು ಎತ್ತರದ ಎರಡು ಅಂಗಾಲುಗಳು ಮೂಡಿದವು. ನನ್ನವು! ಒಂದೊಂದು ಬಿರುಕೂ ಒಣಗಿದ ಕೆರೆಯ ತಳದಂತೆ ಬಾಯಿ ತೆರೆದು ನಿಂತಿತ್ತು. ನೆಂಟರು, ನೆರೆಯವರು, ಹೆಡ್‌ಮಿಸ್ಸು, ಎಲ್ಲರೂ ತಲೆಯೆತ್ತಿ ನನ್ನ ಹಿಮ್ಮಡಿಯನ್ನು ನೋಡುತ್ತಿದ್ದರು. ಇಳಿದು ಓಡಬೇಕೆನಿಸಿತು, ಕಾಲು ಮಾತ್ರ ಏಳಲಿಲ್ಲ.

ಆಗ ನನ್ನ ಕಾಲಡಿಯ ಚುಕ್ಕಿಗಳು ಅಲುಗಿದವು. ಹಿಮ್ಮಡಿಯ ಒಂದು ಬಿರುಕಿನಿಂದ ಬೆಳ್ಳಗಿನ ಎಳೆಯೊಂದು ಹೊರಟು ಚುಕ್ಕಿಯೊಂದನ್ನು ಬಳಸಿತು. ಇನ್ನೊಂದು ಬಿರುಕಿನಿಂದ ಇನ್ನೊಂದು ಎಳೆ. ಎಲ್ಲ ಬಿರುಕುಗಳಿಂದಲೂ ಎಳೆಗಳು ಹೊರಟು, ಒಂದರೊಳಗೊಂದು ಹೆಣೆದುಕೊಂಡು, ಗಾಜು ದಾಟಿ, ಭವನದ ನೆಲವೆಲ್ಲ ತುಂಬಿ, ನಿಂತವರ ಪಾದಗಳ ಮೇಲೆ ಹರಿದು, ಆಚೆ ಗೋಡೆಯನ್ನು ಹತ್ತಿದವು. ಅಂಥ ರಂಗೋಲಿಯನ್ನು ನಾನು ಯಾವ ಹಬ್ಬದಲ್ಲೂ ನೋಡಿರಲಿಲ್ಲ.

ನನ್ನ ನಂತರ ಕಾಲೇಜು ಹುಡುಗಿಯೊಬ್ಬಳು ಧೈರ್ಯ ಮಾಡಿದಳು. ಬೆಣ್ಣೆಯಂಥ ಅಂಗಾಲು. ಅವಳ ಸುತ್ತ ಮೂಡಿದ್ದು ಅಂಗೈಯಗಲದ ಒಂದು ಹೂವು. "ನಂಗೆ ಇಷ್ಟೇನಾ?" ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡಳು. ಅಷ್ಟೇ ಸಾಕಾಯಿತು! ಆಂಟಿಯರು ಮುಗಿಬಿದ್ದರು. "ಸರೀರಿ, ನಂದು ಇನ್ನೂ ಜಾಸ್ತಿ ಒಡೆದಿದೆ!" "ನಂದು ನೋಡಿ ಮೊದ್ಲು, ಬಲಗಾಲು ನೋಡಿ!" ಹೆಡ್‌ಮಿಸ್ ಸೆರಗು ಸಿಕ್ಕಿಸಿಕೊಂಡು ಸಾಲಿಗೆ ನುಗ್ಗಿದರು. ಜುಟ್ಟಿನ ಪರೀಕ್ಷಕರು ಸಾಕ್ಸ್ ಕಳಚತೊಡಗಿದರು.

ಕಳಚುತ್ತಲೇ ಅತ್ತೆಯನ್ನು ಕೇಳಿದರು. "ಮೇಡಂ, ಇಡೀ ಪಾದದಲ್ಲಿ ಬಿರುಕನ್ನೇ ಯಾಕೆ ಆರಿಸ್ಕೊಂಡ್ರಿ?"

"ಇವಳು ನಮ್ಮ ಸೊಸೆ ಸಾರ್. ದಿನವೆಲ್ಲಾ ನಿಂತು ಪಾಠ ಮಾಡ್ತಾಳೆ, ಮನೆಗೆ ಬಂದು ಒಲೆ ಮುಂದೆ ನಿಲ್ತಾಳೆ. ಆ ನಿಂತಿದ್ದೆಲ್ಲಾ ಹಿಮ್ಮಡೀಲಿ ಗೆರೆಯಾಗಿ ಕೂತಿದೆ. ಅದನ್ನ ಕದ್ದ ಮಾಲಿನ ಹಾಗೆ ಬಚ್ಚಿಟ್ಕೊಂಡು ಓಡಾಡ್ತಾಳೆ. ನಾನು ಡ್ರಾಯಿಂಗ್ ಟೀಚರು. ನೋಡ್ಕೊಂಡು ಹೇಗೆ ಸುಮ್ನಿರ್ಲಿ?"

ಇಷ್ಟು ಹೇಳಿ ಅವರು ನನ್ನ ಮುಂದೆ ಮಂಡಿಯೂರಿ ಕೂತರು. ಭವನದ ಧೂಳೆಲ್ಲ ನನ್ನ ಕಾಲಿಗೆ ಮೆತ್ತಿತ್ತು. ತಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸತೊಡಗಿದರು. ಅತ್ತೆ ಸೊಸೆಯ ಕಾಲು ಮುಟ್ಟುವುದೇ! ಊರೆಲ್ಲ ನೋಡುತ್ತಿತ್ತು.

"ಅತ್ತೆ, ಏಳಿ, ಎಲ್ಲಾರೂ ನೋಡ್ತಿದಾರೆ," ಎಂದೆ.

"ನೋಡ್ಲಿ ಬಿಡೇ," ಎಂದರು ಅತ್ತೆ.

ನಾನು ಕಾಲು ಎಳೆದುಕೊಳ್ಳಲಿಲ್ಲ.