ಬಾಗಿಲಿಲ್ಲದ ಬಚ್ಚಲಿನಿಂದ ಮೇಸ್ತ್ರಿಯವರಿಗೆ

ಮಾನ್ಯರೇ,

ಕರಣೆಗೆ ಕಳೆ ತಂದವರೂ, ರಸಮಟ್ಟಕ್ಕೇ ಮಟ್ಟಸವಾಗಿರುವುದನ್ನು ಕಲಿಸಿದವರೂ ಆದ ತಮ್ಮ ಪಾದಗಳಿಗೆ, ಅವು ಈಗ ಯಾರ ಮನೆಯ ಹಸಿ ಸಿಮೆಂಟಿನ ಮೇಲಿದ್ದರೂ ಸರಿ, ನಮ್ಮ ಇಡೀ ಮನೆಯ ನಮಸ್ಕಾರಗಳು. ನೆಮ್ಮದಿಯಾಗಿ ಸ್ನಾನ ಮುಗಿಸಿ ನಮಸ್ಕರಿಸಬೇಕೆಂಬ ಆಸೆಯಿತ್ತು. ಅದು ಯಾಕೆ ಆಗಲಿಲ್ಲವೆಂಬುದೇ ಈ ಪತ್ರದ ವಿಷಯ. ಇದರ ಒಂದು ಪ್ರತಿಯನ್ನು ಟೈಲ್ಸ್ ಅಂಗಡಿಯ ಗಾಜಿಗೂ ಅಂಟಿಸಿದ್ದೇನೆ, ಏಕೆಂದರೆ ತಮ್ಮ ಕೀರ್ತಿ ನಾವೊಬ್ಬರೇ ಅನುಭವಿಸಿ ಮುಗಿಸುವಂಥದ್ದಲ್ಲ.

ಬಚ್ಚಲನ್ನು ಹೊಸದು ಮಾಡಿಸಬೇಕೆಂಬುದು ನಾನು ಈ ಮನೆಗೆ ಸೊಸೆಯಾಗಿ ಬಂದ ಕಾಲದ ಮಾತು. ಸೋರುವ ನಲ್ಲಿ, ಜಾರುವ ನೆಲ, ನೀರು ಹೋಗಬೇಕಾದ ತೂಬೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಇಳಿಜಾರು. ಅತ್ತೆಯವರಂತೂ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಸ್ನಾನ ಮಾಡುವ ವಿದ್ಯೆಯಲ್ಲಿ ಪಳಗಿದ್ದರು. ಹೀಗಿರುವಾಗ ತಾವು ದಯಮಾಡಿಸಿ, ಗೋಡೆಯನ್ನು ಬೆರಳಿನಿಂದ ತಟ್ಟಿ, ಡಾಕ್ಟರಂತೆ ಮುಖ ಗಂಭೀರ ಮಾಡಿ, "ಸೋಮವಾರ ಬರ್ತೀನಿ ಅಕ್ಕಾ, ಎಲ್ಲಾ ಖಾಲಿ ಮಾಡಿಟ್ಟಿರಿ, ಒಂದು ಸಾಮಾನೂ ಅಡ್ಡ ಇರಬಾರದು" ಎಂದು ಅಪ್ಪಣೆ ಕೊಟ್ಟಿರಿ. ಯಾವ ಸೋಮವಾರ ಎಂದು ಕೇಳದೆ ಹೋದದ್ದು ನಮ್ಮದೇ ತಪ್ಪು.

ತಮ್ಮ ಮಾತಿನ ಮೇಲೆ ನಮ್ಮ ಯಜಮಾನರಿಗೆ ಎಷ್ಟು ಭಕ್ತಿಯೆಂದರೆ ಬಕೆಟ್, ಸೋಪಿನ ಗೂಡು, ಕನ್ನಡಿ, ಕನ್ನಡಿಯ ಮೊಳೆ ಎಲ್ಲವೂ ಹೊರಬಿದ್ದವು. ಆಮೇಲೂ ಕೈ ಸುಮ್ಮನಿರಲಿಲ್ಲ; ಓಡಾಡುವವರಿಗೆ ಎಲ್ಲಕ್ಕಿಂತ ಹೆಚ್ಚು ಅಡ್ಡ ಬರುವುದು ಬಾಗಿಲೇ ಎಂದು ಕಂಡುಹಿಡಿದು, ಅದನ್ನೂ ಬಿಚ್ಚಿ, "ಹೊಸದು ಬರುತ್ತಲ್ಲ" ಎಂದು ಹಳೇ ಸಾಮಾನಿನ ಗಾಡಿಗೆ ಹೇರಿಬಿಟ್ಟರು. ಆ ಗಾಡಿಯವನು ಹೇಳಿದ ದಿನ, ಹೇಳಿದ ಹೊತ್ತಿಗೇ ಬಂದಿದ್ದ. ಪಾಪ, ತಮ್ಮ ಕೈಕೆಳಗೆ ಪಳಗಿದವನಲ್ಲ.

ಅಂದಿನಿಂದ ಬಾಗಿಲಿನ ಜಾಗದಲ್ಲಿ ಹಳೇ ಹೊದಿಕೆಯೊಂದು ತೂಗುತ್ತಿದೆ. ಗಾಳಿ ಬೀಸಿದಾಗ ಅದು ಒಳಗಿರುವವರ ಪಕ್ಷ ವಹಿಸುವುದಿಲ್ಲವಾದ್ದರಿಂದ, ಒಳಗಿರುವವರು ಸದ್ದು ಮಾಡುತ್ತಲೇ ಇರಬೇಕೆಂದು ಕಾನೂನು ಮಾಡಿಕೊಂಡೆವು. ಯಜಮಾನರು ಹಾಡುತ್ತಾರೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಮಗಳು ಪಾಠ ಒಪ್ಪಿಸುತ್ತಾಳೆ. ಅಂಕ ಹೆಚ್ಚಾಗಿದೆ, ಅದಕ್ಕೆ ತಮಗೆ ಕೃತಜ್ಞತೆಗಳು. ನಾನೋ, "ಬಂದಾರು ಮೇಸ್ತ್ರಿ ಬಂದಾರು, ಬಾಗಿಲ ಜೊತೆಯಲಿ ತಂದಾರು, ನಾಳೆ ನಾಳೆ ಅಂದಾರು, ನಾಳೆಯನೇ ಅರೆದು ತಿಂದಾರು" ಎಂದು ಪ್ರಾಸ ಕಟ್ಟುತ್ತ ಮೈಗೆ ನೀರು ಹೊಯ್ದುಕೊಳ್ಳುತ್ತೇನೆ.

ಅತ್ತೆಯವರು ಮಾತ್ರ ಒಪ್ಪಲಿಲ್ಲ. "ನಾನು ಸ್ನಾನ ಮಾಡ್ತಿದ್ದೀನಿ ಅಂತ ಬೀದಿಗೆಲ್ಲ ಡಂಗುರ ಹೊಡೀಬೇಕಾ? ಈ ಮನೇಲಿ ನನ್ನದು ಅಂತ ಇದ್ದಿದ್ದು ಆ ಚಿಲಕ ಒಂದೇ, ಅದನ್ನೂ ಕಿತ್ಕೊಂಡ್ರಲ್ಲೇ" ಎಂದವರು, ಬರೀ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಮೂಲೆಯಲ್ಲಿ ಸುಮ್ಮನೆ ಕೂರುತ್ತಾರೆ. ನನ್ನ ಅಡುಗೆಯನ್ನು ಬೈಯುವುದನ್ನೂ ನಿಲ್ಲಿಸಿದ್ದಾರೆ. ಪರಿಸ್ಥಿತಿ ಎಷ್ಟು ಗಂಭೀರವೆಂದು ಇದರಿಂದಲೇ ತಾವು ಊಹಿಸಬಹುದು.

ಫೋನ್ ಮಾಡಿದಾಗಲೆಲ್ಲ ತಾವು "ಹೊರಟಾಯ್ತು ಅಕ್ಕಾ, ದಾರೀಲಿದ್ದೀನಿ" ಎನ್ನುತ್ತೀರಿ. ನಾವು ನಂಬಿದ್ದೇವೆ. ಬಹುಶಃ ಆ ದಾರಿಯುದ್ದಕ್ಕೂ ತಾವೇ ಟೈಲ್ಸ್ ಹಾಕಿಕೊಂಡು, ಸಂದು ತುಂಬಿ, ಒರೆಸಿ ಬರುತ್ತಿರಬೇಕು.

ಆದ್ದರಿಂದ ನಮ್ಮ ಪ್ರಾರ್ಥನೆ ಬಹಳ ಸಣ್ಣದು. ನೆಲ ಇರಲಿ, ನಲ್ಲಿ ಇರಲಿ, ಮೊದಲು ಒಂದು ಬಾಗಿಲು ನಿಲ್ಲಿಸಿಕೊಡಿ. ಅದೂ ಕಷ್ಟವಾದರೆ ಅತ್ತೆಯವರ ಸ್ನಾನ ಮುಗಿಯುವವರೆಗೆ ತಾವೇ ಬಂದು, ಬೆನ್ನು ತಿರುಗಿಸಿ, ಆ ಚೌಕಟ್ಟಿನಲ್ಲಿ ನಿಂತುಕೊಳ್ಳಿ. ತಮ್ಮ ಅಗಲ ಸಾಕಾಗುತ್ತದೆ. ಕೆಲಸ ಮಾಡದೆ ನಿಲ್ಲುವ ಅಭ್ಯಾಸವೂ ತಮಗೆ ಹೊಸದಲ್ಲ.

ದಾರಿ ನೋಡಿ ಕಣ್ಣು ಸವೆದ,
ತಮ್ಮ ವಿಶ್ವಾಸಿ,
ಹೊದಿಕೆ ಬಚ್ಚಲಿನ ಅಕ್ಕ

ಮರೆತಿದ್ದೆ: ಈ ಪತ್ರವನ್ನು ಅಂಚೆಗೆ ಹಾಕಿಲ್ಲ. ಇದನ್ನು ತಂದುಕೊಟ್ಟು ತಮ್ಮ ಹೊಸಿಲಲ್ಲಿ ನಿಂತಿರುವ ಹಿರಿಯರೇ ನಮ್ಮತ್ತೆ. ಹೆಗಲ ಮೇಲಿರುವುದು ಟವೆಲು, ಚೀಲದಲ್ಲಿರುವುದು ಸೋಪು. ತಮ್ಮ ಬಚ್ಚಲಿನ ಚಿಲಕ ಗಟ್ಟಿಯಾಗಿದೆಯೆಂದು ತಮ್ಮ ಮನೆಯವರ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದಾರೆ. ದಯವಿಟ್ಟು ನೀರು ಕಾಯಿಸಿ. ನಮಗೆ ಬಾಗಿಲು ಬರುವವರೆಗೆ ದಿನಾ ಬರುತ್ತಾರಂತೆ. ತಮ್ಮ ಹಾಗಲ್ಲ, ಅವರು ಬರ್ತೀನಿ ಅಂದರೆ ಬಂದೇ ಬರುತ್ತಾರೆ.