ಮೂರು ಸಾಲಿನಲ್ಲಿ ಇಳಿಸಿದ ಹಸೆ ಹಾಡು

ಏನೂ ಗೊತ್ತಿಲ್ಲದವನಿಗೆ ಸಂಸಾರದಲ್ಲಿ ಒಂದು ನೆಮ್ಮದಿಯಿದೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಅಲ್ಪಸ್ವಲ್ಪ ಗೊತ್ತಿದ್ದು, ಅದನ್ನು ಊರಿಗೆಲ್ಲ ಹೇಳಿಕೊಳ್ಳುವವನ ಪಾಡು ಮಾತ್ರ ಯಾರಿಗೂ ಬೇಡ. ನಾನು ತರೀಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹಾಗಾಗಿ ನೆಂಟರ ಪೈಕಿ ಯಾರ ಮನೆಯ ಮಿಕ್ಸಿ ಕೆಟ್ಟರೂ ನನಗೇ ಫೋನು ಬರುತ್ತದೆ. ಮಿಕ್ಸಿಗೂ ನನ್ನ ಪಾಠಕ್ಕೂ ಸಂಬಂಧವಿಲ್ಲವೆಂದು ಹೇಳುವ ಬದಲು ನಾನು ಹೋಗಿ ಬಿಚ್ಚುತ್ತೇನೆ. ಆಮೇಲೆ ಜೋಡಿಸುವುದಕ್ಕೆ ಅವರು ಬೇರೆಯವರನ್ನು ಕರೆಸಿಕೊಳ್ಳುತ್ತಾರೆ.

ಸಖರಾಯಪಟ್ಟಣದಲ್ಲಿರುವ ನಮ್ಮ ದೊಡ್ಡಮ್ಮ, ಅಂದರೆ ನಮ್ಮ ತಾಯಿಯ ಅಕ್ಕ, ಹಸೆ ಹಾಡಿಗೆ ಹೆಸರಾದವಳು. ಮದುಮಕ್ಕಳನ್ನು ಹಸೆಮಣೆಗೆ ಕರೆಯಬೇಕಾದರೆ ಅವಳೇ ದನಿಯೆತ್ತಬೇಕು. ಮದುವೆ ಮಾಡಿಸುವ ಅಯ್ಯನವರು ಎಷ್ಟು ಸಲ ಗಡಿಯಾರ ನೋಡಿಕೊಂಡರೂ ಅವಳು ಒಂದು ನುಡಿಯನ್ನೂ ಬಿಡುತ್ತಿರಲಿಲ್ಲ. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಮಾತಿಗೆ ತೊಂದರೆಯಿಲ್ಲ, ದನಿ ಮಾತ್ರ ಮೇಲೇರುವುದಿಲ್ಲ. ಅವಳು ಕೊನೆಯದಾಗಿ ಹಾಡಿದ್ದು ಅಜ್ಜಂಪುರದಲ್ಲಿ, ನನ್ನ ತಂಗಿಯ ಮಗಳ ಮದುವೆಯಲ್ಲಿ. ಸ್ಟುಡಿಯೋದವನು ಅದನ್ನು ಇಂಟರ್ನೆಟ್ಟಿಗೆ ಹಾಕಿದ್ದ. "ನನ್ ದನಿ ಹೆಂಗಿತ್ತು ಅಂತ ನಾನೇ ಒಂದ್ಸಲನೂ ಕೇಳಿಲ್ಲ ಕಣಪ್ಪಾ. ತೋಟದ ಮನೇಲಿ ನೆಟ್‌ವರ್ಕು ಬರಲ್ಲ. ಟಿ.ವಿ.ಗೆ ಹಾಕ್ಕೊಡು" ಎಂದಳು ದೊಡ್ಡಮ್ಮ. ಸ್ಟುಡಿಯೋದವನಿಗೆ ಫೋನು ಮಾಡಿದರೆ, "ಹಾರ್ಡ್ ಡಿಸ್ಕೇ ಹೋಯ್ತು ಸಾರ್. ಇರೋದು ಆನ್‌ಲೈನ್‌ದು ಒಂದೇ. ಆ ಚಾನೆಲ್ಲನ್ನೂ ಭಾನುವಾರ ತೆಗೀತಿದೀನಿ. ಅಷ್ಟ್ರೊಳಗೆ ಇಳಿಸ್ಕಳಿ" ಅಂದ.

ಇಳಿಸುವುದಕ್ಕೆ ನನ್ನ ಹತ್ತಿರ ಒಂದು ಪುಟ್ಟ ಲೈಬ್ರರಿ ಇತ್ತು. ಪುಸ್ತಕದ ಲೈಬ್ರರಿಯಲ್ಲ. ಯಾರೋ ಪುಣ್ಯಾತ್ಮರು ಬರೆದಿಟ್ಟ ಪ್ರೋಗ್ರಾಮನ್ನು ಕರೆದು ನಮ್ಮ ಕೆಲಸ ಮಾಡಿಸಿಕೊಳ್ಳುವುದು, ಮದುವೆಗೆ ಅಡುಗೆಯವರನ್ನು ಕರೆಸಿದ ಹಾಗೆ. ದೊಡ್ಡ ಲೈಬ್ರರಿಗಳು ಇಪ್ಪತ್ತು ಜನ ಕೈಯಾಳುಗಳನ್ನು ಕಟ್ಟಿಕೊಂಡು ಬರುತ್ತವೆ. ಇದು ಒಂದು ಕೈಚೀಲ ಹಿಡಿದು ಒಬ್ಬನೇ ಬಸ್ಸಿಳಿಯುವ ಅಡುಗೆಯವನು. ನಾವು ಬರೆಯಬೇಕಾದ್ದು ಮೂರೇ ಸಾಲು. ಕಷ್ಟವೆಂದರೆ, ವಿಡಿಯೋ ಸೈಟಿನವರು ಆಗಾಗ ಒಳಗಿನ ವ್ಯವಸ್ಥೆ ಬದಲಿಸುತ್ತಾರೆ, ಆಗ ಲೈಬ್ರರಿ ಕೈಚೆಲ್ಲುತ್ತದೆ. ಸೋಮವಾರ ಅದು ಕೆಂಪಕ್ಷರದಲ್ಲಿ ನನ್ನನ್ನು ಬೈಯಿತು. ಮಂಗಳವಾರ ಇನ್ನೂ ಉದ್ದವಾಗಿ ಬೈಯಿತು. ನನ್ನ ಹೆಂಡತಿ ಗಿರಿಜ, "ಬೇರೆ ಏನಾದ್ರೂ ದಾರಿ ನೋಡ್ಬಾರ್ದೇನ್ರೀ" ಅಂದಳು. ಮೂರು ಸಾಲಿನಲ್ಲಿ ಆಗುವ ಕೆಲಸಕ್ಕೆ ಬೇರೆ ದಾರಿ ಹುಡುಕುವುದು ನಮ್ಮ ವೃತ್ತಿಗೇ ಅವಮಾನ ಎಂದು ಗದರಿದೆ. ಶನಿವಾರದ ಹೊತ್ತಿಗೆ ಲೈಬ್ರರಿ ಬರೆದವರೇ ಅದನ್ನು ಸರಿಪಡಿಸಿದ್ದರು. ಕಾಲೇಜಿನ ಲ್ಯಾಬಿನಲ್ಲಿ ಕೂತು, ಇದ್ದುದರಲ್ಲೇ ಅತ್ಯುತ್ತಮ ಚಿತ್ರವನ್ನು ಆರಿಸಿ ಇಳಿಸಿದೆ. ದೊಡ್ಡಮ್ಮನ ಸೀರೆಯಂಚಿನ ಎಳೆ ಎಣಿಸಬಹುದಿತ್ತು, ಅಷ್ಟು ಸ್ಪಷ್ಟ. ಲ್ಯಾಬಿನಲ್ಲಿ ಸ್ಪೀಕರ್ ಇರಲಿಲ್ಲ. ಅದೊಂದು ಕೊರತೆ ಎಂದು ನನಗೆ ಹೊಳೆಯಲೂ ಇಲ್ಲ.

ಸೋಮವಾರ ರಜೆ ಹಾಕಿ, ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು, ಗಿರಿಜಳೊಂದಿಗೆ ಕಡೂರಿನಲ್ಲಿ ಬಸ್ಸು ಬದಲಿಸಿ ಸಖರಾಯಪಟ್ಟಣಕ್ಕೆ ಹೋದೆ. ದೊಡ್ಡಮ್ಮ ಹಾಡುವಾಗ ತನ್ನ ಹಿಂದೆ ಸೊಲ್ಲು ಹಿಡಿಯುತ್ತಿದ್ದ ಆರು ಹೆಂಗಸರನ್ನೂ ಕರೆಸಿ ಚಾಪೆ ಹಾಸಿ ಕೂರಿಸಿದ್ದಳು. ನಾನು ಮೂರು ಸಾಲಿನ ಮಹಿಮೆಯನ್ನೂ ಸೀರೆಯೆಳೆ ಎಣಿಸಬಹುದಾದ ಚಿತ್ರದ ಸ್ಪಷ್ಟತೆಯನ್ನೂ ಅವರಿಗೆ ಹತ್ತು ನಿಮಿಷ ಹೇಳಿ, ಪೆನ್‌ಡ್ರೈವನ್ನು ಟಿ.ವಿ.ಗೆ ಸಿಕ್ಕಿಸಿದೆ. ಪರದೆಯ ಮೇಲೆ ದೊಡ್ಡಮ್ಮ ಬಾಯಿ ತೆರೆದಳು. ಶಬ್ದವಿಲ್ಲ. ವಾಲ್ಯೂಮನ್ನು ಪೂರ್ತಿ ಏರಿಸಿದೆ, ಇಲ್ಲ. ಆಗ ನೆನಪಾಯಿತು. ಅತ್ಯುತ್ತಮ ಚಿತ್ರವನ್ನೂ ಧ್ವನಿಯನ್ನೂ ಸೈಟಿನವರು ಬೇರೆಬೇರೆ ಇಟ್ಟಿರುತ್ತಾರೆ, ಎರಡನ್ನೂ ಇಳಿಸಿ ನಾವೇ ಜೋಡಿಸಬೇಕು. ಇದನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡಿದವನೇ ನಾನು. ಈಗ ಧ್ವನಿ ಇಳಿಸೋಣವೆಂದರೆ ಚಾನೆಲ್ ಹಿಂದಿನ ದಿನವೇ ಹೋಗಿತ್ತು.

ದೊಡ್ಡಮ್ಮ ಪರದೆಯ ಮೇಲಿನ ತನ್ನ ತುಟಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ನಂಗೆ ಬೇಕಾಗಿದ್ದು ದನಿ ಕಣಪ್ಪಾ. ಸೀರೆ ಪೆಟ್ಟಿಗೇಲೇ ಐತೆ" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಹೆಂಗಸರ ಎದುರು ನನಗೆ ತಲೆಯೆತ್ತಲಾಗಲಿಲ್ಲ.

ಆಗ ಗಿರಿಜ ಚೀಲದಿಂದ ತನ್ನ ಮೊಬೈಲು ತೆಗೆದಳು. "ನಮ್ ಮಗಳ ಫೋನಲ್ಲಿ ಹಾಡು ಹಾಕಿ, ಪಕ್ಕದಲ್ಲಿ ನಂದಿಟ್ಟು ಬುಧವಾರನೇ ರೆಕಾರ್ಡ್ ಮಾಡ್ಕೊಂಡಿದ್ದೆ ಅತ್ತೆ. ಇವರಿಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ." ಹಾಡು ಶುರುವಾಯಿತು. ಜೊತೆಗೆ ನಮ್ಮನೆಯ ಕುಕ್ಕರ್ ಕೂಗಿದ್ದೂ ಕೇಳುತ್ತಿತ್ತು, ಆದರೆ ದನಿ ದೊಡ್ಡಮ್ಮನದೇ, ತುಂಬಿದ ದನಿ. ಅವಳ ಕಣ್ಣಲ್ಲಿ ನೀರು ಬಂತು. "ಪರವಾಗಿಲ್ಲ ಕಣ್ರೇ, ಚೆನ್ನಾಗೇ ಹಾಡ್ತಿದ್ದೆ" ಅಂದಳು. ಹಾಡು ಮೇಲೇರಿ ನಿಂತ ಜಾಗದಲ್ಲಿ, ಆ ಬುಧವಾರ ಪಕ್ಕದ ಕೋಣೆಯಲ್ಲಿ ಸಹೋದ್ಯೋಗಿಯೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ ನನ್ನ ದನಿ ಬಂತು: "ಏನ್ ಹೇಳ್ಲಿ ಸಾರ್, ಈ ಹೆಂಗಸ್ರಿಗೆ ಟೆಕ್ನಾಲಜಿ ಅನ್ನೋದು ತಲೇಗೇ ಹತ್ತಲ್ಲ."

ಆರು ಜನ ಹೆಂಗಸರು ಒಟ್ಟಿಗೆ ನನ್ನ ಕಡೆ ತಿರುಗಿದರು. "ದೊಡ್ಡಮ್ಮ, ನನ್ನ ಮಾತಷ್ಟನ್ನು ಕತ್ತರಿಸಿ ತೆಗೆದುಬಿಡ್ತೀನಿ, ಅದಕ್ಕೂ ಒಂದು ಲೈಬ್ರರಿ ಇದೆ" ಅಂದೆ. ದೊಡ್ಡಮ್ಮ ಗಿರಿಜಳ ಮೊಬೈಲನ್ನು ಸೆರಗಿನೊಳಗೆ ಇಟ್ಟುಕೊಂಡು, "ನೀನು ಮಾತ್ರ ಮುಟ್ಬ್ಯಾಡ" ಅಂದಳು. ಗಿರಿಜ ಹಾಡನ್ನು ಹಾಗೆಯೇ ದೊಡ್ಡಮ್ಮನ ಫೋನಿಗೆ ಹಾಕಿಕೊಟ್ಟಳು. ಈಗ ಆ ಮನೆಗೆ ಯಾರೇ ನೆಂಟರು ಬರಲಿ, ಕಾಫಿಗೆ ಮೊದಲು ದೊಡ್ಡಮ್ಮ ಹಾಡು ಕೇಳಿಸುತ್ತಾಳೆ. ಕೇಳುವವರಿಗೆ ಗೊಂದಲವಾಗಬಾರದೆಂದು ವಿವರವನ್ನೂ ಕೊಡುತ್ತಾಳೆ: "ಹಾಡ್ತಿರೋಳು ನಾನು. ನಡುವೆ ಮಾತಾಡ್ತಾನಲ್ಲ, ಅವ್ನು ನಮ್ಮ ಕಂಪ್ಯೂಟರ್ ಮೇಷ್ಟ್ರು."